ಹಿತ್ತಲ ಬಾಗಿಲಿನ ಎರಡು ಬ್ರೆಡ್ಡು

ಭಟ್ಟಿಯ ನೆತ್ತಿ ಕುಸಿದಾಗ ಒಳಗೆ ಅರವತ್ತು ಬ್ರೆಡ್ಡುಗಳಿದ್ದವು. ಮುಕ್ಕಾಲು ಬೆಂದಿದ್ದವು, ಇನ್ನು ಹತ್ತು ನಿಮಿಷ ಕಳೆದಿದ್ದರೆ ಹೊರಗೆ ಬಂದುಬಿಡುತ್ತಿದ್ದವು. ಯಜಮಾನ ಉದ್ದ ಹಿಡಿಯ ಹಲಗೆಯನ್ನು ಒಳಗೆ ತಳ್ಳಿದ್ದನಷ್ಟೆ, ದಪ್ಪೆಂದು ಒಂದು ಸದ್ದು, ಭಟ್ಟಿಯ ಬಾಯಿಂದ ಬೂದಿಯ ಒಂದು ದೊಡ್ಡ ಉಸಿರು. ಹೆಂಡತಿ ಅಂಗಡಿಯಿಂದ ಓಡಿ ಬರುವಷ್ಟರಲ್ಲಿ ಅವನ ಹುಬ್ಬು, ಮೀಸೆ ಎಲ್ಲವೂ ಬೆಳ್ಳಗಾಗಿದ್ದವು.

“ಕೈಕಾಲು ಸರಿ ಇದೆಯೇನ್ರೀ?”

“ನನ್ನದು ಸರಿ ಇದೆ. ಭಟ್ಟೀದು ಹೋಯ್ತು.”

ಅದು ತಿಂಗಳ ಎರಡನೇ ತಾರೀಖು, ಮಂಗಳವಾರ.

ಆ ಮನೆ ಉದ್ದಕ್ಕೆ ರೈಲು ಡಬ್ಬಿಯ ಹಾಗೆ. ಬೀದಿಗೆ ಮುಖಮಾಡಿ ಬ್ರೆಡ್ಡು ಮಾರುವ ಅಂಗಡಿ, ಅದರ ಹಿಂದೆ ಎರಡು ಕೋಣೆ, ಅಡುಗೆಮನೆ, ಕೊನೆಗೆ ಭಟ್ಟಿಮನೆ. ಭಟ್ಟಿಮನೆಯಿಂದ ಹಿಂದಿನ ಓಣಿಗೆ ತೆರೆಯುವ ಒಂದು ತಗ್ಗು ಬಾಗಿಲು. ಇರುವವರು ನಾಲ್ವರು: ಎಪ್ಪತ್ತೆಂಟು ವರ್ಷದ ಅಜ್ಜಿ, ಅವಳ ಮಗನಾದ ಯಜಮಾನ, ಸೊಸೆ, ಮೊಮ್ಮಗ. ಮೊಮ್ಮಗ ಎಂಟನೇ ತಿಂಗಳಿಗೇ ಭೂಮಿಗೆ ಬಿದ್ದವನೆಂದು ಅಜ್ಜಿ ಅವನನ್ನು ‘ಅವಸರ’ ಎಂದು ಕರೆದಳು. ಇಪ್ಪತ್ತಾರು ತುಂಬಿದರೂ ಅವನು ಆ ಹೆಸರಿಗೆ ಮೋಸ ಮಾಡಿರಲಿಲ್ಲ. ನಿಂತುಕೊಂಡೇ ಉಣ್ಣುತ್ತಿದ್ದ, ಚಪ್ಪಲಿ ಹಾಕಿಕೊಳ್ಳುತ್ತಲೇ ನಡೆಯುತ್ತಿದ್ದ.

ಮೂವತ್ತೊಂದು ವರ್ಷದ ಭಟ್ಟಿ ಅದು. ಮರದ ಆಸರೆಯಿಲ್ಲದೆ, ಒಂದು ಇಟ್ಟಿಗೆಯ ಹೆಗಲಿಗೆ ಇನ್ನೊಂದನ್ನು ಕೂರಿಸಿ, ಬರೀ ಜೇಡಿಮಣ್ಣಿನಲ್ಲಿ ಕಟ್ಟಿದ ಗುಮ್ಮಟ. ಊರಿನ ಗಾರೆಯವರನ್ನು ಕರೆಸಿ ತೋರಿಸಿದರು. ಒಬ್ಬ ತಲೆಯನ್ನೇ ಒಳಗೆ ತೂರಿಸಿ ನೋಡಿ ಹೊರಗೆ ಬಂದ.

“ಗೋಡೆ ಕಟ್ಟು ಅನ್ನಿ, ಕಟ್ತೀನಿ. ಕಕ್ಕಸು ಕಟ್ಟು ಅನ್ನಿ, ಕಟ್ತೀನಿ. ಇದನ್ನ ಕಟ್ಟಿದೋನು ಮನುಷ್ಯ ಅಲ್ಲ, ಗೀಜಗನ ಹಕ್ಕಿ.”

ಆ ಗೀಜಗ ಎರಡು ಬಸ್ಸಿನ ದೂರದಲ್ಲಿದ್ದ. ಮುದುಕ ಮೇಸ್ತ್ರಿ, ಕಿವಿ ದೂರ, ಫೋನಿನ ಹತ್ತಿರವೇ ಬರುವವನಲ್ಲ. ಆದರೆ ಸೌದೆ ಲಾರಿಯವನು ಆ ದಾರಿಯಲ್ಲೇ ಹೋಗುವವನು. ಅವನ ಕೈಲಿ ಹೇಳಿ ಕಳಿಸಿದರು. ಮಾರನೇ ದಿನವೇ ಲಾರಿಯವನು ಫೋನು ಮಾಡಿದ: “ಹೇಳಿದೀನಿ ಯಜಮಾನ್ರೇ. ಈ ವಾರದಲ್ಲೇ ಬರ್ತಾರಂತೆ.”

ಅದೇ ದಿನ ಆಸ್ಪತ್ರೆಯ ಅಡುಗೆಮನೆಯ ಮೇಲ್ವಿಚಾರಕನೂ ಬಂದ. ದಿನಾ ಬೆಳಿಗ್ಗೆ ರೋಗಿಗಳಿಗೆ ನೂರಿಪ್ಪತ್ತು ಬ್ರೆಡ್ಡು ಹೋಗುತ್ತಿದ್ದದ್ದು ಈ ಮನೆಯಿಂದ. ಅಂಗಡಿಯ ವ್ಯಾಪಾರವೆಲ್ಲ ಸೇರಿದರೂ ಅದರ ಅರ್ಧವಾಗುತ್ತಿರಲಿಲ್ಲ. ಅವನು ಮುರಿದ ಭಟ್ಟಿಯ ಮುಂದೆ, ಸತ್ತವರ ಮನೆಗೆ ಬಂದವನ ಹಾಗೆ ಕೈಕಟ್ಟಿ ನಿಂತ.

“ಭಟ್ಟಿ ಆಗೋವರೆಗೆ ಫ್ಯಾಕ್ಟರಿ ಬ್ರೆಡ್ಡು ತರಿಸ್ತೀನಿ. ಬರೋ ತಿಂಗಳು ಪೂರ್ತಿ ನಾನು ಹೇಗೋ ತಳ್ಳಬಹುದು. ಅದರಾಚೆ ತಿಂಗಳು ಒಂದನೇ ತಾರೀಖು ಬೆಳಿಗ್ಗೆ ಆರಕ್ಕೆ ನಿಮ್ಮ ಬ್ರೆಡ್ಡು ಬರದೇ ಇದ್ರೆ, ಮೇಲಿನೋರು ವರ್ಷದ ಗುತ್ತಿಗೆ ಫ್ಯಾಕ್ಟರಿಗೆ ಬರೆದುಕೊಡ್ತಾರೆ. ಆಮೇಲೆ ನನ್ನ ಕೈಲಿಲ್ಲ.”

ಯಜಮಾನ ಬೆರಳು ಮಡಿಸಿದ. ಕಟ್ಟುವುದಕ್ಕೆ ಒಂದು ವಾರ, ಒಣಗಲು ಹನ್ನೆರಡು ದಿನ. “ಬೇಕಾದಷ್ಟು ದಿನ ಇದೆ,” ಅಂದ.

“ಇದೆ, ಇದೆ,” ಎಂದಳು ಅಜ್ಜಿ, ತನ್ನ ಮಣೆಯ ಮೇಲಿಂದ. “ಹೇಳಿ ಕಳಿಸಿ ಆಯ್ತಲ್ಲ. ತಡ ಮಾಡೋನಲ್ಲ ಅವನು.”

“ಯಾರಜ್ಜಿ? ಮೇಸ್ತ್ರಿನಾ, ದೇವರಾ?” ಎಂದ ಅವಸರ.

“ಇಬ್ಬರೂ.”

ಶುಕ್ರವಾರ ಮನೆಯಲ್ಲಿ ಅಜ್ಜಿಯೊಬ್ಬಳೇ ಹಿಂದಿನ ಕಡೆ ಇದ್ದಳು. ಯಜಮಾನ ಇಟ್ಟಿಗೆ ವಿಚಾರಿಸಲು ಹೋಗಿದ್ದ, ಅವಸರ ಅವನ ಜೊತೆಗೆ. ಸೊಸೆ ಅಂಗಡಿಯಲ್ಲಿ ಉಳಿದ ಬಿಸ್ಕತ್ತನ್ನು ಜಾಡಿಗಳಿಗೆ ತೆಳ್ಳಗೆ ಹಂಚುತ್ತಿದ್ದಳು. ಅಜ್ಜಿ ಆಲೂಗಡ್ಡೆ ಸುಲಿಯುತ್ತಿದ್ದಾಗ ಹಿತ್ತಲ ಬಾಗಿಲು ಬಡಿದ ಸದ್ದಾಯಿತು.

ಹಿತ್ತಲ ಬಾಗಿಲಿಗೆ ಆ ಮನೆಯಲ್ಲಿ ಒಂದು ಕಟ್ಟಳೆಯಿತ್ತು. ನಿನ್ನೆಯ ಬ್ರೆಡ್ಡಿನಲ್ಲಿ ಉಳಿದದ್ದು ಆ ಬಾಗಿಲಿಗೆ ಬಂದವರದು. ಬಂದವರನ್ನು ಏನೂ ಕೇಳಬಾರದು, ಮುಖವನ್ನೂ ನೋಡಬಾರದು, ಕೊಟ್ಟು ಬಾಗಿಲು ಹಾಕಿಕೊಳ್ಳಬೇಕು. ಅಜ್ಜಿಗೆ ಇದನ್ನು ಹೇಳಿಕೊಟ್ಟವಳು ಅವಳ ಅತ್ತೆ. “ಹಸಿದೋರಿಗೆ ಪ್ರಶ್ನೆ ಕೇಳಬೇಡ. ಉತ್ತರ ಹೇಳೋ ಅಷ್ಟರಲ್ಲಿ ಅವರ ಮುಖ ಸಣ್ಣದಾಗುತ್ತೆ. ಸಣ್ಣ ಮುಖ ನೋಡಿದ ಕಣ್ಣಿಗೆ ಪುಣ್ಯ ಹತ್ತಲ್ಲ.” ಐವತ್ತೆಂಟು ವರ್ಷದಿಂದ ಅಜ್ಜಿ ಅದನ್ನು ತಪ್ಪಿರಲಿಲ್ಲ.

ಅವತ್ತು ಇದ್ದದ್ದು ಮುಕ್ಕಾಲು ಬೆಂದ ಆ ಅರವತ್ತರಲ್ಲಿ ಬೂದಿ ಜಾಡಿಸಿ ಉಳಿಸಿಕೊಂಡ ಕೆಲವು. ಅಜ್ಜಿ ಎರಡನ್ನು ಆರಿಸಿ, ಬಾಗಿಲು ತೆರೆದು, ತಲೆ ತಗ್ಗಿಸಿಕೊಂಡೇ ಚಾಚಿದಳು. ಹೆಂಗಸಿನ ಕೈ ಅವನ್ನು ತೆಗೆದುಕೊಂಡಿತು. ಎದುರಿನವಳು ಒಂದು ಗಳಿಗೆ ಹಾಗೇ ನಿಂತಳು, ಏನೋ ಹೇಳಬೇಕೆಂದಿದ್ದವಳ ಹಾಗೆ. ಅವಳ ಸಂಕೋಚ ಹೆಚ್ಚದಿರಲಿ ಎಂದು ಅಜ್ಜಿ ಮೆಲ್ಲಗೆ ಬಾಗಿಲು ಹಾಕಿ ಆಲೂಗಡ್ಡೆಗೆ ಹಿಂತಿರುಗಿದಳು.

ಆ ವಾರ ಮೇಸ್ತ್ರಿ ಬರಲಿಲ್ಲ. ಮುಂದಿನ ವಾರವೂ ಬರಲಿಲ್ಲ.

ಸೊಸೆ ತನ್ನ ತಂಗಿಯ ಮನೆಯಿಂದ ಒಂದು ತಗಡಿನ ಸಣ್ಣ ಓವನ್ನು ತಂದಳು. ಸಲಕ್ಕೆ ಎಂಟು ಬನ್ನು ಹಿಡಿಯುತ್ತಿತ್ತು. ಒಂದು ಮಗ್ಗುಲು ಸೀದು ಇನ್ನೊಂದು ಮಗ್ಗುಲು ಹಸಿ ಉಳಿಯುವ ಹಠಮಾರಿ ಯಂತ್ರ. ಅವಳು ಅದರ ಮುಂದೆ ಮುಕ್ಕಾಲಿ ಹಾಕಿಕೊಂಡು, ಐದು ನಿಮಿಷಕ್ಕೊಮ್ಮೆ ತಟ್ಟೆ ತಿರುಗಿಸುತ್ತ ಬೆಳಗಿನಿಂದ ಮಧ್ಯಾಹ್ನದವರೆಗೆ ಕೂರುತ್ತಿದ್ದಳು. ಮೂವತ್ತು ವರ್ಷ ಭಟ್ಟಿಯ ಮುಂದೆ ನಿಂತ ಯಜಮಾನನಿಗೆ ಅದನ್ನು ನೋಡಲಾಗುತ್ತಿರಲಿಲ್ಲ. ಬ್ರೆಡ್ಡಿನ ಅಚ್ಚುಗಳನ್ನೆಲ್ಲ ತೊಳೆದ. ತೊಳೆದದ್ದನ್ನು ಒರೆಸಿದ. ಒರೆಸಿದ್ದಕ್ಕೆ ಎಣ್ಣೆ ಹಚ್ಚಿದ. ಮೂರನೇ ಸಲ ತೊಳೆಯಲು ಕೂತಾಗ ಹೆಂಡತಿ ಬೈದಳು.

“ತೂತು ಬೀಳುತ್ತೆ ಕಣ್ರೀ. ಹೋಗಿ ಎಲ್ಲಾದ್ರೂ ಸುತ್ತಾಡ್ಕೊಂಡು ಬನ್ನಿ.”

“ಎಲ್ಲಿ ಸುತ್ತಲಿ? ಹೋದಲ್ಲೆಲ್ಲ ‘ಭಟ್ಟಿ ಏನಾಯ್ತು’ ಅಂತಾರೆ. ಪಕ್ಕದ ಟಯರಿನ ಅಂಗಡಿಯವನಂತೂ ಟೇಪು ಹಿಡಿದು ಭಟ್ಟಿಮನೆ ಅಳೆಯೋದೊಂದು ಬಾಕಿ. ‘ಕೊಡೋದಾದ್ರೆ ನನಗೇ ಕೊಡಿ’ ಅಂತಾನೆ.”

“ಕೊಟ್ಟುಬಿಡಪ್ಪ,” ಎಂದ ಅವಸರ, ಗೋಡೆಗೊರಗಿ ಬನ್ನು ತಿನ್ನುತ್ತ. “ನಾನು ಹೇಳಿದ್ದೇ ಅದು. ಫ್ಯಾಕ್ಟರೀಲಿ ಜನ ಬೇಕಂತೆ. ನಾಳೆಯಿಂದ ಹೋಗ್ತೀನಿ ಅಂತ ಹೇಳಿ ಬಂದಿದೀನಿ.”

“ಯಾವ ಫ್ಯಾಕ್ಟರಿ?”

“ಇನ್ಯಾವುದು, ಬ್ರೆಡ್ಡು ಫ್ಯಾಕ್ಟರಿ. ಟ್ರೇ ಹೊರೋ ಕೆಲಸ.”

ಯಜಮಾನ ಕೈಯಲ್ಲಿದ್ದ ಅಚ್ಚನ್ನು ಸದ್ದಾಗದ ಹಾಗೆ ಕೆಳಗಿಟ್ಟು ಹೊರಗೆ ಹೋದ. ಆ ಮನೆಯಲ್ಲಿ ಸದ್ದಾಗದ ಹಾಗೆ ಏನನ್ನಾದರೂ ಇಡುವುದೆಂದರೆ ಭಯಂಕರ ಸಿಟ್ಟು ಬಂದಿದೆಯೆಂದೇ ಅರ್ಥ.

ಮೂರನೇ ವಾರದ ಒಂದು ಸಂಜೆ ಅವಸರ ಫ್ಯಾಕ್ಟರಿಯ ಬ್ರೆಡ್ಡು ತಂದ. ಕೆಲಸದವರಿಗೆ ದಿನಕ್ಕೊಂದು ಬಿಟ್ಟಿ. ಪ್ಲಾಸ್ಟಿಕ್ಕು ಬಿಚ್ಚಿ ಊಟದ ನಡುವೆ ಇಟ್ಟ. ಸೊಪ್ಪು, ಬೇಯಿಸಿದ ಮೊಟ್ಟೆ, ಅದರ ಪಕ್ಕದಲ್ಲಿ ಅಳತೆಯಿಟ್ಟು ಕೊಯ್ದ ಬಿಳೀ ಹೋಳುಗಳು. ಯಜಮಾನ ತಟ್ಟೆಯಲ್ಲೇ ಕೈ ತೊಳೆದ.

“ಊಟ ಬಿಟ್ಟು ಏಳಬೇಡ,” ಎಂದಳು ಅಜ್ಜಿ. “ಹಿಟ್ಟೇನು ಪಾಪ ಮಾಡಿದೆ?” ಒಂದು ಹೋಳು ತೆಗೆದುಕೊಂಡು ನಿಧಾನವಾಗಿ ತಿಂದಳು. “ಹತ್ತಿ ತಿಂದ ಹಾಗಿದೆ. ಹಲ್ಲಿಲ್ಲದೋರಿಗೆ ಒಳ್ಳೇದೇ.”

“ನಗ್ತೀಯಾ ಅಜ್ಜಿ? ಮೂರು ವಾರ ಆಯ್ತು!” ಅವಸರನ ಧ್ವನಿ ಏರಿತು. “ನಾನು ಬಸ್ ಹತ್ತಿ ಹೋಗಿ ಆ ಮೇಸ್ತ್ರೀನ ಎಳ್ಕೊಂಡು ಬರ್ತೀನಿ ಅಂದ್ರೆ ಅಪ್ಪ ಬೇಡ ಅಂತಾರೆ. ನೀನು ಕಾಯಿ ಅಂತೀಯ. ಕಾಯೋದಕ್ಕೂ ಕೂತ್ಕೊಂಡಿರೋದಕ್ಕೂ ಏನು ವ್ಯತ್ಯಾಸ, ಹೇಳು?”

“ಒಂದು ಸಲ ಹೇಳಿ ಕಳಿಸಿದೀವಿ,” ಎಂದ ಯಜಮಾನ. “ಅವನು ಬರ್ತೀನಿ ಅಂದಿದಾನೆ. ಹಿರಿಯ ಮನುಷ್ಯ. ಮತ್ತೆ ಹೋದ್ರೆ ಮಾತಿನ ಮೇಲೆ ನಂಬಿಕೆ ಇಲ್ಲ ಅಂದ ಹಾಗಾಗುತ್ತೆ. ಆ ಭಟ್ಟಿ ಕಟ್ಟಿದಾಗ ಅವನು ನಮ್ಮಪ್ಪನ ಹತ್ರ ಒಂದು ಮಾತೂ ಬರೆಸಿಕೊಂಡಿರಲಿಲ್ಲ.”

“ಆ ಲಾರಿಯವನಾದ್ರೂ ಏನಂತಾನೆ?” ಎಂದಳು ಸೊಸೆ.

“ನಮಗೀಗ ಸೌದೆ ಬೇಡ, ಅವನಿಗೆ ನಮ್ಮ ಬೀದಿ ಬೇಡ. ಫೋನು ಮಾಡಿದ್ರೆ ‘ನಾನು ಹೇಳಿ ಆಗಿದೆ’ ಅಂತಾನೆ ಅಷ್ಟೇ.”

ಅಜ್ಜಿ ಹೋಳಿನ ಅಂಚನ್ನು ಸೊಪ್ಪಿನ ನೀರಿನಲ್ಲಿ ಅದ್ದಿದಳು. “ನನಗೆ ನಿಮ್ಮಪ್ಪ ಹುಟ್ಟಿದ್ದು ಮದುವೆಯಾದ ಮೇಲೆ ನಾಲ್ಕು ವರ್ಷಕ್ಕೆ. ಆ ನಾಲ್ಕು ವರ್ಷ ಜನ ನನ್ನನ್ನ ನೋಡಿ ಮುಖ ಹೇಗೆ ಮಾಡ್ತಿದ್ರು ಗೊತ್ತಾ? ಆದ್ರೂ ಬಂದ ನೋಡು. ದೇವರಿಗೆ ನಮ್ಮ ಕ್ಯಾಲೆಂಡರು ಕಾಣಲ್ಲ ಕಣೋ. ಆದ್ರೆ ದಿನ ತಪ್ಪಲ್ಲ.”

“ಒಂದನೇ ತಾರೀಖು ಒಂದನೇ ತಾರೀಖೇ ಅಜ್ಜಿ. ಅವನಿಗೆ ಕಾಣದೇ ಇದ್ರೆ ಆಸ್ಪತ್ರೆಯವರಿಗೆ ಕಾಣುತ್ತೆ.”

ಸೊಸೆ ತುಟಿ ಕಚ್ಚಿ ನಗು ತಡೆದಳು. ಯಜಮಾನನೂ ಬೇರೆ ಕಡೆ ನೋಡಿದ. ಅಜ್ಜಿ ಮಾತ್ರ ಹೋಳನ್ನು ಪೂರ್ತಿ ತಿಂದು ಮುಗಿಸಿದಳು. ಅವತ್ತು ಅವಳು ಪ್ರಾರ್ಥನೆಗೆ ಕೂತವಳು ಎಂದಿಗಿಂತ ತಡವಾಗಿ ಎದ್ದಳು; ಮಂಡಿ ಹಿಡಿದುಕೊಂಡಿತ್ತು, ಸೊಸೆ ಬಂದು ಎಬ್ಬಿಸಬೇಕಾಯಿತು.

ನಾಲ್ಕು ವಾರ ತುಂಬಿದ ಮೇಲೆ ಯಜಮಾನನ ಪಟ್ಟು ಸಡಿಲವಾಯಿತು. ಬಾಯಿಬಿಟ್ಟು ಹೋಗು ಅನ್ನಲಿಲ್ಲ. ಗುರುವಾರ ಬೆಳಿಗ್ಗೆ ಎರಡು ಬಸ್ಸಿನ ಚಾರ್ಜು ಅಂಗಡಿಯ ಮೇಜಿನ ಮೇಲಿಟ್ಟು, “ಫ್ಯಾಕ್ಟರಿಗೆ ರಜೆ ಹಾಕೋಕಾಗುತ್ತಾ?” ಎಂದು ಕೇಳಿದ. ಅವನು ಕೇಳಿ ಮುಗಿಸುವಷ್ಟರಲ್ಲಿ ಅವಸರ ಬೀದಿಯ ತಿರುವಿನಲ್ಲಿದ್ದ.

ಸಂಜೆ ಊಟಕ್ಕೆ ಎಲ್ಲರೂ ಕೂತಿದ್ದಾಗ ಹಿಂತಿರುಗಿದ. ಅವನು ಕೂತುಕೊಂಡು ಮಾತಾಡಿದ್ದರಿಂದ ವಿಷಯ ಸಾಧಾರಣದ್ದಲ್ಲವೆಂದು ಎಲ್ಲರಿಗೂ ಗೊತ್ತಾಯಿತು.

“ಮೇಸ್ತ್ರಿಗೆ ಕಣ್ಣು ಹೋಗಿ ಎರಡು ವರ್ಷ ಆಯ್ತಂತೆ. ಈಗ ಕೆಲಸ ಎಲ್ಲ ಮಗಳದ್ದೇ. ಅಪ್ಪನ ಕೈಯೇ ಅವಳಿಗೆ ಬಂದಿದೆಯಂತೆ, ಅಲ್ಲಿ ಮೂರು ಭಟ್ಟಿ ತೋರಿಸಿದ್ರು. ಅಪ್ಪಾ, ಅವಳು ಬಂದಿದ್ದಳಂತೆ.”

“ಎಲ್ಲಿಗೆ?”

“ಇಲ್ಲಿಗೆ. ನಮ್ಮ ಮನೆಗೆ. ಲಾರಿಯವನು ಹೇಳಿದ ಎರಡೇ ದಿನಕ್ಕೆ.”

“ಸುಳ್ಳು,” ಎಂದ ಯಜಮಾನ. “ಬಂದಿದ್ರೆ ನಮಗೆ ಗೊತ್ತಾಗ್ತಿರಲಿಲ್ವಾ?”

“ನಾನು ಅಂಗಡಿ ಬಿಟ್ಟು ಕದಲಿಲ್ಲ,” ಎಂದಳು ಸೊಸೆ. “ಒಂದು ನರಪಿಳ್ಳೇನೂ ಬಂದು ಭಟ್ಟಿ ಅಂತ ಕೇಳಿಲ್ಲ.”

“ಅಂಗಡಿಗೆ ಬರಲಿಲ್ಲಮ್ಮ. ಭಟ್ಟಿಯೋರು ಯಾವತ್ತೂ ಹಿಂದಿನಿಂದಲೇ ಬರೋದಂತೆ, ಬೂದಿ ಬೀಳೋ ಕಡೆಯಿಂದ. ಹಿತ್ತಲ ಬಾಗಿಲು ಬಡಿದಳಂತೆ. ಒಳಗಿಂದ ಎರಡು ಬ್ರೆಡ್ಡು ಕೈಗೆ ಕೊಟ್ಟು ಬಾಗಿಲು ಹಾಕಿಕೊಂಡ್ರಂತೆ.” ಅವಸರ ಅಜ್ಜಿಯ ಕಡೆ ನೋಡದೆ ಹೇಳಿದ. “ಅವರಲ್ಲಿ ಒಂದು ಪದ್ಧತಿ ಇದೆಯಂತೆ. ಕೆಲಸ ಬೇಡ ಅನ್ನೋ ಮನೆಯೋರು, ದೂರದಿಂದ ಬಂದೋರನ್ನ ಬರಿಗೈಲಿ ಕಳಿಸಬಾರದು ಅಂತ ತಿನ್ನೋದೇನಾದ್ರೂ ಕೊಟ್ಟು ಕಳಿಸ್ತಾರೆ. ಕೊಟ್ರೆ ಮುಗೀತು, ಮತ್ತೆ ಕೇಳಬಾರದು. ‘ಬೇರೆಯೋರು ಸಿಕ್ಕಿರಬೇಕು ಅಂದುಕೊಂಡ್ವಿ’ ಅಂದ್ರು ಮೇಸ್ತ್ರಿ.”

ಅಜ್ಜಿ ಎತ್ತಿದ ತುತ್ತನ್ನು ತಟ್ಟೆಗಿಟ್ಟಳು.

“ಉಗುರಿನ ಸಂದೀಲಿ ಮಣ್ಣಿತ್ತು,” ಎಂದಳು ಅಜ್ಜಿ. “ಕೈ ಮಾತ್ರ ನೋಡಿದ್ದೆ. ಪಾಪ, ಮಣ್ಣು ಹೊರೋಳು, ಹಸಿದಿದಾಳೆ ಅಂದ್ಕೊಂಡೆ.”

“ಅಮ್ಮಾ!” ಎಂದ ಯಜಮಾನ.

“ಒಂದು ಮಾತು, ‘ಏನಮ್ಮ’ ಅಂತ ಒಂದು ಮಾತು ಕೇಳಿದ್ರೆ ಆಗ್ತಿತ್ತಲ್ಲ ಅತ್ತೆ,” ಎಂದಳು ಸೊಸೆ. ಒಂದು ತಿಂಗಳು ಆ ತಗಡಿನ ಓವನ್ನಿನ ಮುಂದೆ ಬೆವರಿದವಳು ಅವಳು. ಕೈಯ ಮೇಲೆ ಸುಟ್ಟ ಗೆರೆಗಳಿದ್ದವು. “ನಾವು ದಿನಾ ಬಾಗಿಲು ನೋಡ್ತಾ ಕೂತಿದ್ವಿ. ನೀವು ದಿನಾ ದೇವರು ತಡ ಮಾಡಲ್ಲ ಅಂತಿದ್ರಿ. ಅವನು ಕಳಿಸಿದ್ದನ್ನ ನೀವೇ ಹಿಂದಕ್ಕೆ ಕಳಿಸಿ…”

“ಹೂಂ. ನಾನೇ ಕಳಿಸಿದೆ,” ಎಂದಳು ಅಜ್ಜಿ.

ತಟ್ಟೆ ಸರಿಸಿ, ಗೋಡೆ ಹಿಡಿದು ಎದ್ದಳು. ಯಾರೂ ಕೂರು ಅನ್ನಲಿಲ್ಲ. ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ತಿರುಗಿದಳು.

“ಬರ್ತಾಳಂತೋ, ಇಲ್ಲವಂತೋ?”

“ಅವಳು ಬೇರೆ ಊರಿನ ಕೆಲಸದಲ್ಲಿದಾಳೆ. ಭಾನುವಾರ ಮನೆಗೆ ಬರ್ತಾಳಂತೆ. ‘ಹೇಳ್ತೀನಿ, ಸೋಮವಾರ ಬಂದ್ರೂ ಬರಬಹುದು. ಅವಳ ಮನಸ್ಸು’ ಅಂದ್ರು.” ಅವಸರ ಈಗ ಅಜ್ಜಿಯ ಕಡೆ ನೋಡಿ ಹೇಳಿದ, “ಬ್ರೆಡ್ಡು ಮಾತ್ರ ಬಹಳ ಚೆನ್ನಾಗಿತ್ತಂತೆ, ಅಜ್ಜಿ. ಮೇಸ್ತ್ರಿ ಹೇಳಿದ್ರು.”

ಸೋಮವಾರ ಬೆಳಿಗ್ಗೆ ಅಜ್ಜಿ ತನ್ನ ಮಣೆಯನ್ನು ತಾನೇ ಎತ್ತಿಕೊಂಡು ಹೋಗಿ ಹಿತ್ತಲ ಬಾಗಿಲಿನಲ್ಲಿ ಹಾಕಿಕೊಂಡಳು. ಬಾಗಿಲನ್ನು ಪೂರ್ತಿ ತೆರೆದು, ಮುಚ್ಚಿಕೊಳ್ಳದಂತೆ ಅದಕ್ಕೊಂದು ಇಟ್ಟಿಗೆ ಆನಿಸಿದಳು. ಸೊಸೆ ಹಾಲು ತಂದುಕೊಟ್ಟಳು, ಕುಡಿದಳು. ಗುರುವಾರದಿಂದ ಇಬ್ಬರ ನಡುವೆ ಬೇಕಾದಷ್ಟೇ ಮಾತು.

“ಬಿಸಿಲು ಬರುತ್ತೆ ಅತ್ತೆ, ಒಳಗೆ ಬನ್ನಿ.”

“ಬರಲಿ. ನನಗೂ ಸ್ವಲ್ಪ ತಾಗಲಿ.”

ಹತ್ತು ಗಂಟೆಗೆ ಓಣಿಯಲ್ಲಿ ಚಿಂದಿ ಆಯುವವನು ಹಾದುಹೋದ. ಹನ್ನೊಂದಕ್ಕೆ ಟಯರಿನವನು ಇಣುಕಿ, “ಏನಜ್ಜಿ, ಕಾವಲಾ?” ಎಂದ. “ಹೂಂನಪ್ಪ. ಟೇಪು ಹಿಡಿದೋರು ಒಳಗೆ ಬರದ ಹಾಗೆ,” ಎಂದಳು. ಮಧ್ಯಾಹ್ನದ ಊಟವನ್ನು ಅಲ್ಲೇ ತೊಡೆಯ ಮೇಲಿಟ್ಟುಕೊಂಡು ತಿಂದಳು. ತುಟಿ ಅಲುಗುತ್ತಿತ್ತು. ಏನು ಕೇಳಿಕೊಳ್ಳುತ್ತಿದ್ದಳೋ ಯಾರಿಗೂ ಕೇಳಿಸಲಿಲ್ಲ.

ಎರಡೂವರೆಗೆ ಓಣಿಯ ತುದಿಯಲ್ಲಿ ಒಬ್ಬ ಹೆಂಗಸು ಕಾಣಿಸಿದಳು. ಮೂವತ್ತೈದರ ಆಸುಪಾಸು, ಹೆಗಲಿಗೆ ಗೋಣಿಚೀಲ, ಚೀಲದ ಬಾಯಿಂದ ಕರಣೆಯ ಹಿಡಿ ಹೊರಗೆ ಚಾಚಿತ್ತು. ಬಾಗಿಲಿಗೆ ಬಂದು ನಿಂತಳು. ಅಜ್ಜಿ ಈ ಸಲ ಮೊದಲು ಮುಖ ನೋಡಿದಳು.

“ಕೆಲಸಕ್ಕೆ ಬಂದ್ಯಾ ತಾಯಿ?”

“ಆವತ್ತೂ ಕೆಲಸಕ್ಕೇ ಬಂದಿದ್ದೆ ಅಜ್ಜಿ.”

“ಗೊತ್ತು. ತಪ್ಪಾಯ್ತು ಮಗಳೇ. ದಾನ ಮಾಡೋ ಭರದಲ್ಲಿ ಮನುಷ್ಯರನ್ನ ನೋಡೋದೇ ಮರೆತಿದ್ದೆ.”

ಮೇಸ್ತ್ರಿಯ ಮಗಳು ಚೀಲ ಇಳಿಸಿದಳು. “ಎರಡು ಬಸ್ಸು ಬದಲಾಯಿಸಿ ಹಸಿದಿದ್ದೆ ಕೂಡಾ. ಬಸ್ ಸ್ಟ್ಯಾಂಡಲ್ಲೇ ಒಂದು ಮುಗಿಸಿಬಿಟ್ಟೆ,” ಅಂದು ನಕ್ಕಳು. “ಭಟ್ಟಿ ಎಲ್ಲಿದೆ, ತೋರಿಸಿ.”

ಅವಳು ಭಟ್ಟಿಯ ಬಾಯಿಯನ್ನು ನೋಡಲೇ ಇಲ್ಲ. ಹಿಂಭಾಗಕ್ಕೆ ಹೋಗಿ ಕುಕ್ಕರಗಾಲಿನಲ್ಲಿ ಕೂತು, ಗೋಡೆಯ ಬುಡಕ್ಕೆ ಅಂಗೈ ಒತ್ತಿ, ಆ ಅಂಗೈಯನ್ನು ಮೂಗಿನ ಹತ್ತಿರ ಹಿಡಿದಳು. ಬುಡದಿಂದ ಮೊಳದೆತ್ತರಕ್ಕೆ ಬಿಳಿ ಉಪ್ಪು ಅರಳಿ ನಿಂತಿತ್ತು.

“ಇದು ಯಾವಾಗಿನಿಂದ?”

“ಭಟ್ಟಿ ಉರೀತಿದ್ದಾಗ ಇರಲಿಲ್ಲ,” ಎಂದ ಯಜಮಾನ. “ಮೊನ್ನೆ ಮೊನ್ನೆ ಕಾಣಿಸಿದ್ದು.”

“ಕೆಳಗೆ ನೀರಿದೆ ಯಜಮಾನ್ರೇ. ಎಲ್ಲೋ ಪೈಪು ಒಡೆದಿದೆ. ದಿನಾ ಬೆಂಕಿ ಇದ್ದಾಗ ತೇವ ಅಲ್ಲೇ ಆರಿಹೋಗ್ತಿತ್ತು, ನಿಮಗೆ ಗೊತ್ತಾಗಿಲ್ಲ. ಬುಡ ಕೂತು ಕೂತು ನೆತ್ತಿ ಬಿತ್ತು. ಐದು ವಾರ ತಣ್ಣಗೆ ಬಿದ್ದಿತ್ತಲ್ಲ, ಅದಕ್ಕೇ ಉಪ್ಪು ಮೇಲೆ ಬಂತು.” ಅವಳು ಎದ್ದು ಕೈ ಒರೆಸಿಕೊಂಡಳು. “ಆವತ್ತು ನೀವು ಒಳಗೆ ಕರೆದಿದ್ರೆ ನಾನು ಇದರ ಮೇಲೇ ಕಟ್ಟಿಬಿಡ್ತಿದ್ದೆ. ವರ್ಷದೊಳಗೆ ಮತ್ತೆ ಬೀಳ್ತಿತ್ತು. ನನ್ನ ಹೆಸರೂ ಅದರ ಜೊತೆಗೇ.”

ಸೊಸೆ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡಳು. “ನೋಡಿದ್ರಾ ಅತ್ತೆ! ನಾನು ಸುಮ್ಮನೆ ಏನೇನೋ ಅಂದೆ. ಎಲ್ಲ ಅವನ ಲೆಕ್ಕವೇ. ಅವನೇ ನಿಮ್ಮ ಕೈಲಿ ಬಾಗಿಲು ಹಾಕಿಸಿದ್ದು!”

“ಇಲ್ಲ,” ಎಂದಳು ಅಜ್ಜಿ. ಧ್ವನಿ ಗಡುಸಾಗಿತ್ತು. “ನನ್ನ ತಪ್ಪನ್ನ ತಗೊಂಡು ಹೋಗಿ ದೇವರ ಬುಟ್ಟೀಲಿ ಹಾಕಬೇಡ ಕಣೇ. ಬಾಗಿಲು ಹಾಕಿದ್ದು ನಾನು. ನಿನ್ನ ಕೈ ಸುಟ್ಟಿದ್ದು ನನ್ನಿಂದ.”

“ಮತ್ತೆ ಈ ಪೈಪು?”

ಅಜ್ಜಿ ಮಣೆಯ ಮೇಲೆ ಕೂತಳು. “ಮಾರಾಟವಾಗದೇ ಉಳಿದ ಬ್ರೆಡ್ಡನ್ನ ನಾವೇನು ಮಾಡ್ತೀವಿ? ಕೊಯ್ದು, ಒಣಗಿಸಿ, ರಸ್ಕು ಮಾಡ್ತೀವಿ. ರಸ್ಕು ಮಾಡೋಕೆ ಅಂತ ಯಾರೂ ಬ್ರೆಡ್ಡು ಉಳಿಸಲ್ಲ. ಉಳಿದ ಮೇಲೆ ಹಾಳು ಮಾಡಲ್ಲ, ಅಷ್ಟೇ. ಅವನೂ ಹಾಗೇ. ನಾನು ಹಾಳು ಮಾಡಿದ ದಿನಾನ ಅವನು ಹಾಳಾಗೋಕೆ ಬಿಡಲಿಲ್ಲ. ಅದು ಅವನ ದೊಡ್ಡತನ. ನನ್ನ ದಡ್ಡತನಕ್ಕೆ ಹೊದಿಸೋ ಕಂಬಳಿ ಅಲ್ಲ ಅದು.”

ಮೇಸ್ತ್ರಿಯ ಮಗಳು ಚೀಲದಿಂದ ಗೋಡೆಯ ನೇರ ನೋಡುವ ತೂಗುಗುಂಡು ತೆಗೆದು ದಾರ ಬಿಡಿಸುತ್ತ ಕೇಳಿದಳು: “ಒಂದನೇ ತಾರೀಖಿಗೆ ಇಪ್ಪತ್ತೈದು ದಿನ. ಮಾತಾಡ್ತಾ ಇರೋದಾ, ಅಗೆಯೋದಾ?”

ಅವಸರನೇ ಅಗೆದ. ಪೈಪು ಒಡೆದದ್ದು ಟಯರಿನವನ ನಲ್ಲಿಯ ಕೆಳಗೆ. ಅದನ್ನು ಸರಿಮಾಡಿ ನೆಲ ಗಟ್ಟಿ ಮಾಡುವುದಕ್ಕೆ ನಾಲ್ಕು ದಿನ. ಗುಮ್ಮಟಕ್ಕೆ ಏಳು ದಿನ. ಒಂದೊಂದು ಇಟ್ಟಿಗೆಯನ್ನೂ ಅವಳು ಕೂರಿಸಿ, ಅಂಗೈಯಿಂದ ಒತ್ತಿ ಹಿಡಿದು, ಇಪ್ಪತ್ತು ಎಣಿಸಿ ಕೈಬಿಡುತ್ತಿದ್ದಳು. ಹದಿನೈದಕ್ಕೇ ಬಿಟ್ಟರೆ ಏನಾಗುತ್ತೆಂದು ಅವಸರ ಕೇಳಿದ. “ನಿನ್ನ ಹೆಸರಾಗುತ್ತೆ,” ಎಂದಳು. ಮನೆಯಲ್ಲಿ ಐದು ವಾರದ ಮೇಲೆ ಎಲ್ಲರೂ ಒಟ್ಟಿಗೆ ನಕ್ಕದ್ದು ಅದೇ ಮೊದಲು. ಯಜಮಾನ ಮಣ್ಣು ತುಳಿದ. ಸೊಸೆ ಐದು ಜನಕ್ಕೆ ಅಡುಗೆ ಮಾಡಿದಳು. ಮೇಸ್ತ್ರಿಯ ಮಗಳು ಅಜ್ಜಿಯ ಕೋಣೆಯಲ್ಲೇ ಮಲಗಿದಳು.

ಹೊರಡುವ ದಿನ ಅವಳು ಯಜಮಾನನನ್ನು ಬಿಟ್ಟು ಅವಸರನನ್ನು ಕರೆದಳು.

“ಒಣಗಿಸೋ ಬೆಂಕಿ ನಿನ್ನದು. ಮೊದಲ ದಿನ ಒಂದು ಹಿಡಿ ಕಡ್ಡಿ, ಅಷ್ಟೇ. ಎರಡನೇ ದಿನ ಎರಡು ಹಿಡಿ. ಹನ್ನೆರಡನೇ ದಿನಕ್ಕೆ ಹನ್ನೆರಡು. ಒಂದು ದಿನ ಆಸೆಪಟ್ಟು ಒಂದು ಕೊರಡು ಜಾಸ್ತಿ ಹಾಕಿದ್ಯೋ, ಒಳಗಿನ ನೀರು ದಾರಿ ಸಿಗದೆ ಗುಮ್ಮಟಾನೇ ಸೀಳುತ್ತೆ. ನನ್ನನ್ನ ಕರೀಬೇಡ ಆಮೇಲೆ.”

“ಅಪ್ಪನಿಗೆ ಹೇಳಬಹುದಿತ್ತಲ್ಲಕ್ಕ?”

“ನಿಮ್ಮಪ್ಪನಿಗೆ ತಾಳ್ಮೆ ಇದೆ. ಇರೋರಿಗೆ ಯಾಕೆ ಕಲಿಸಲಿ?”

ಫ್ಯಾಕ್ಟರಿಯವರು ಒಂದನೇ ತಾರೀಖಿನಿಂದ ಕಾಯಂ ಕೆಲಸ ಕೊಡುವುದಾಗಿ ಹೇಳಿದ್ದರು. ಅವನು ಇನ್ನೂ ಉತ್ತರ ಕೊಟ್ಟಿರಲಿಲ್ಲ. ಬೆಳಿಗ್ಗೆ ಸಂಜೆ ಭಟ್ಟಿಯ ಬಾಯಿಯ ಮುಂದೆ ಕೂತು ಹಿಡಿ ಲೆಕ್ಕದಲ್ಲಿ ಕಡ್ಡಿ ಹಾಕುತ್ತಿದ್ದ. ಎಂಟನೆಯ ದಿನ ಯಜಮಾನನಿಗೇ ದಿಗಿಲಾಯಿತು. “ಇನ್ನೂ ಹೊರಗೋಡೆ ತಣ್ಣಗಿದೆಯಲ್ಲೋ. ನಾಲ್ಕು ಕೊರಡು ಇಟ್ಟುಬಿಡು, ದಿನ ಹತ್ರ ಬಂತು.”

“ಇಲ್ಲಪ್ಪ,” ಎಂದ ಅವಸರ. “ಇವತ್ತು ಎಂಟು ಹಿಡಿ.”

ಅಜ್ಜಿ ಆಲೂಗಡ್ಡೆ ಸುಲಿಯುವುದನ್ನು ನಿಲ್ಲಿಸಿ ಮೊಮ್ಮಗನನ್ನು ನೋಡಿದಳು. ಅವನು ಕಾಲು ಮಡಿಸಿಕೊಂಡು, ನೆಲದ ಮೇಲೆ, ಸರಿಯಾಗಿ ಕೂತಿದ್ದ.

ಮೂವತ್ತನೇ ತಾರೀಖು ಪೂರ್ತಿ ಬೆಂಕಿ ಕೊಟ್ಟರು. ಗುಮ್ಮಟ ಬಿರುಕು ಬಿಡದೆ ತಾಳಿಕೊಂಡಿತು. ಒಂದನೇ ತಾರೀಖು, ಬೆಳಗಿನ ಆರಕ್ಕೆ ಐದು ನಿಮಿಷ ಇರುವಾಗ, ಅಂಗಡಿಯ ಕೈಗಾಡಿಯಲ್ಲಿ ನೂರಿಪ್ಪತ್ತು ಬ್ರೆಡ್ಡು ಬಟ್ಟೆ ಹೊದ್ದು ಆಸ್ಪತ್ರೆಯ ಹಿಂದಿನ ಗೇಟಿಗೆ ಹೋದವು. ಮೇಲ್ವಿಚಾರಕ ಒಂದನ್ನು ಮುರಿದು ಮೂಸಿ, ಸಹಿ ಹಾಕಿದ. ಕೈಗಾಡಿ ತಳ್ಳಿಕೊಂಡು ಹೋದವನು ಅವಸರ. ಫ್ಯಾಕ್ಟರಿಗೆ ಏನು ಹೇಳಿದೆ ಎಂದು ಯಜಮಾನ ಕೇಳಲಿಲ್ಲ. ಅವನು ಹಿಂತಿರುಗಿ ಬಂದು ಏಪ್ರನ್ನು ಕಟ್ಟಿಕೊಳ್ಳುವುದನ್ನು ನೋಡಿ, ಕೈಯಲ್ಲಿದ್ದ ಅಚ್ಚನ್ನು ಢಣ್ಣೆಂದು ಮೇಜಿನ ಮೇಲೆ ಇಟ್ಟ.

ಎಂಟು ಗಂಟೆಗೆ ಹಿತ್ತಲ ಬಾಗಿಲು ಬಡಿದ ಸದ್ದಾಯಿತು.

ಅಜ್ಜಿ ಎರಡು ಬ್ರೆಡ್ಡು ತೆಗೆದುಕೊಂಡು ಎದ್ದಳು. ನಿನ್ನೆಯದು ಇರಲಿಲ್ಲ, ಇವತ್ತಿನದೇ, ಇನ್ನೂ ಬೆಚ್ಚಗಿದ್ದವು. ಮಾಸಿದ ಅಂಗಿಯ ಒಬ್ಬ ಮುದುಕ ನಿಂತಿದ್ದ. ಅಜ್ಜಿ ಏನೂ ಕೇಳಲಿಲ್ಲ. ಕೊಟ್ಟಳು. ಆದರೆ ಬಾಗಿಲು ಹಾಕಲಿಲ್ಲ. ಬಾಗಿಲಿನ ಚೌಕಟ್ಟಿಗೆ ಕೈಕೊಟ್ಟು, ಅವನ ಮುಖ ನೋಡುತ್ತ, ತನಗೂ ಬೇರೇನೂ ಕೆಲಸವಿಲ್ಲವೆಂಬಂತೆ ನಿಂತಳು. ಅವನು ಬ್ರೆಡ್ಡಿನ ಬಿಸಿಗೆ ಕೈ ಬದಲಾಯಿಸಿಕೊಂಡ. ಹೇಳುವುದೇನಾದರೂ ಇದ್ದಿದ್ದರೆ ಹೇಳಲು ಸಾಕಾಗುವಷ್ಟು ಹೊತ್ತಾಯಿತು.

“ಬಿಸಿ ಇದೆ,” ಎಂದ.

“ಹೂಂನಪ್ಪ. ಹೊಸ ಭಟ್ಟಿ.”

ಅವನು ತಲೆಬಾಗಿ ಹೊರಟ. ಓಣಿಯ ತಿರುವಿನವರೆಗೂ ಅಜ್ಜಿ ಅವನ ಬೆನ್ನು ನೋಡಿದಳು.

“ಅಜ್ಜಿ, ಬಾಗಿಲು ಹಾಕು,” ಒಳಗಿನಿಂದ ಅವಸರ ಕೂಗಿದ. “ಗಾಳಿಗೆ ಹಿಟ್ಟು ತಣ್ಣಗಾಗುತ್ತೆ.”

“ತಡಿಯೋ,” ಎಂದಳು ಅಜ್ಜಿ, ಕಾಲಿನಿಂದ ಇಟ್ಟಿಗೆಯನ್ನು ಬಾಗಿಲಿಗೆ ಸರಿಸುತ್ತ. “ಇನ್ನೂ ಯಾರಾದ್ರೂ ಬರ್ತಾ ಇರಬಹುದು.”